ಹತ್ತಿಗೆ ಬಣ್ಣ ಹಿಡಿದ ಬಗೆ: ದಿಲ್ಮನ್‌ನಿಂದ ಮಲೆನಾಡಿನವರೆಗೆ

ಕಳೆದ ಈದ್ ರಜೆಯಲ್ಲಿ ನಮ್ಮ ಮೊಮ್ಮಗಳು ಎರಡೂ ಅಂಗೈಗೆ ಮೆಹಂದಿ ಹಾಕಿಸಿಕೊಂಡು ಬಂದಳು. ಅದು ಒಣಗುವ ಮೊದಲೇ ಸೋಫಾದ ಮೇಲಿದ್ದ ನನ್ನ ಬಿಳಿ ಹತ್ತಿಯ ದುಪಟ್ಟಾಕ್ಕೆ ಕೈ ಒರೆಸಿದಳು. ನಾನು ಗದರಿದೆ. ಎರಡು ಸಲ ಒಗೆದ ಮೇಲೆ ನೋಡಿದರೆ ಬಟ್ಟೆಯ ಮೇಲೆ ತೆಳುವಾದ ಕಂದು ಛಾಯೆಯಷ್ಟೇ ಉಳಿದಿತ್ತು. ಅವಳ ಅಂಗೈ ಮಾತ್ರ ವಾರ ಕಳೆದರೂ ಕೆಂಪಾಗಿಯೇ ಇತ್ತು. "ಅಜ್ಜಿ, ಎರಡೂ ಒಂದೇ ಮೆಹಂದಿ ಅಲ್ವಾ? ಕೈಗೆ ಹಿಡಿದದ್ದು ಬಟ್ಟೆಗೆ ಯಾಕೆ ಹಿಡಿಯಲಿಲ್ಲ?" ಎಂದು ಕೇಳಿದಳು.

ಮೂವತ್ತೈದು ವರ್ಷಗಳ ಕಾಲ ರೋಗಿಗಳ ಪ್ರಶ್ನೆಗಳಿಗೆ ಉತ್ತರ ಹೇಳಿದವಳು ನಾನು. ಈ ಪ್ರಶ್ನೆಗೂ ಒಂದು ನಿಮಿಷದಲ್ಲಿ ಉತ್ತರ ಕೊಟ್ಟು ಮುಗಿಸಬಹುದಿತ್ತು. ಆದರೆ ಹೇಳಲು ಹೊರಟಾಗ ಅದು ನಾವಿರುವ ಈ ದ್ವೀಪಕ್ಕೂ, ನನ್ನ ತವರಿನ ಅಡಿಕೆ ಅಂಗಳಕ್ಕೂ, ವೈದ್ಯಳಾಗಿ ನಾನು ಮಾಡಿದ ಒಂದು ತಪ್ಪಿಗೂ ಸಂಬಂಧಿಸಿದ ಕತೆ ಎಂದು ಗೊತ್ತಾಯಿತು. ಈ ವರ್ಷದ ಸ್ಮರಣ ಸಂಚಿಕೆಗೆ ಅದನ್ನೇ ಬರೆಯುತ್ತಿದ್ದೇನೆ.

ಹತ್ತಿಯ ಹಠ

ಮೊದಲು ಮೊಮ್ಮಗಳ ಪ್ರಶ್ನೆಗೆ ಉತ್ತರ. ನಮ್ಮ ಚರ್ಮ, ಕೂದಲು, ಉಗುರು, ಕುರಿಯ ಉಣ್ಣೆ, ರೇಷ್ಮೆ ಇವೆಲ್ಲ ಪ್ರೋಟೀನಿನಿಂದ ಆದವು. ಮೆಹಂದಿ ಸೊಪ್ಪಿನಲ್ಲಿರುವ ಲಾಸೋನ್ ಎಂಬ ವಸ್ತು ಪ್ರೋಟೀನಿನೊಡನೆ ನೇರವಾಗಿ ಬೆಸೆದುಕೊಳ್ಳುತ್ತದೆ. ಆದ್ದರಿಂದ ಚರ್ಮದ ಮೇಲ್ಪದರ ಸವೆದು ಉದುರುವವರೆಗೂ ಬಣ್ಣ ಹೋಗುವುದಿಲ್ಲ. ಹತ್ತಿ ಹಾಗಲ್ಲ. ಅದು ಸೆಲ್ಯುಲೋಸ್, ಅಂದರೆ ಸಕ್ಕರೆಯ ಕಣಗಳು ಸಾಲಾಗಿ ಪೋಣಿಸಿಕೊಂಡ ಸರ. ಹೆಚ್ಚಿನ ಸಸ್ಯಬಣ್ಣಗಳಿಗೆ ಅಲ್ಲಿ ಹಿಡಿದುಕೊಳ್ಳಲು ಜಾಗವೇ ಸಿಗುವುದಿಲ್ಲ. ಬಣ್ಣದ ನೀರಿನಲ್ಲಿ ಅದ್ದಿದಾಗ ಚೆಂದ ಕಾಣುತ್ತದೆ, ತೊಳೆದರೆ ಹೋಗುತ್ತದೆ.

ಈ ಹಠಮಾರಿ ನೂಲಿಗೆ ಬಣ್ಣ ಹಿಡಿಸಬೇಕಾದರೆ ನಡುವೆ ಮೂರನೆಯ ವಸ್ತುವೊಂದು ಬೇಕು. ಅದು ಒಂದು ಕೈಯಲ್ಲಿ ನೂಲನ್ನೂ ಇನ್ನೊಂದು ಕೈಯಲ್ಲಿ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ. ಜವಳಿ ಶಾಸ್ತ್ರದಲ್ಲಿ ಇದಕ್ಕೆ ಮಾರ್ಡೆಂಟ್ ಎನ್ನುತ್ತಾರೆ. ನಾನು ಇಲ್ಲಿ ಸುಮ್ಮನೆ 'ಬಂಧಕ' ಎನ್ನುತ್ತೇನೆ. ನಮ್ಮ ದೇಶದ ಬಣ್ಣಗಾರರು ತಲೆಮಾರುಗಳಿಂದ ಬಳಸಿದ ಮುಖ್ಯ ಬಂಧಕ ಪಟಿಕ. ಕ್ಷೌರದ ನಂತರ ಗಲ್ಲಕ್ಕೆ ಉಜ್ಜುತ್ತಿದ್ದ ಅದೇ ಹರಳು. ಹತ್ತಿಗೆ ಪಟಿಕವೂ ಒಂದೇ ಏಟಿಗೆ ಹತ್ತುವುದಿಲ್ಲ. ಅದಕ್ಕಾಗಿ ಮೊದಲು ನೂಲನ್ನು ಅಳಲೆಕಾಯಿಯ ಒಗರು ನೀರಿನಲ್ಲಿ ನೆನೆಸುತ್ತಾರೆ. ಒಗರು ನೂಲಿಗೆ ಅಂಟುತ್ತದೆ, ಪಟಿಕ ಒಗರಿಗೆ ಅಂಟುತ್ತದೆ, ಬಣ್ಣ ಪಟಿಕಕ್ಕೆ ಅಂಟುತ್ತದೆ. ಪಟಿಕದ ಬದಲು ಕಬ್ಬಿಣದ ತುಕ್ಕನ್ನೂ ಬೆಲ್ಲವನ್ನೂ ಕೊಳೆಹಾಕಿದ ನೀರನ್ನು ಬಳಸಿದರೆ ಅದೇ ಒಗರು ಕಪ್ಪಾಗುತ್ತದೆ.

ನನ್ನ ತವರು ಸಾಗರದ ಕಡೆಯ ಒಂದು ಅಡಿಕೆ ತೋಟದ ಮನೆ. ಕೊಯ್ಲಿನ ದಿನಗಳಲ್ಲಿ ಹೆಂಗಸರೆಲ್ಲ ಸಾಲಾಗಿ ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯವರೆಗೂ ಹಸಿ ಅಡಿಕೆ ಸುಲಿಯುತ್ತಿದ್ದರು. ಆ ಕೆಲಸಕ್ಕೆಂದೇ ಅಮ್ಮ ಒಂದು ಹಳೆಯ ಸೀರೆ ಇಟ್ಟುಕೊಂಡಿದ್ದಳು. ಸುಲಿದ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದ ಮೇಲೆ ಉಳಿಯುವ ಮಂದವಾದ ಕೆಂಪು ರಸವೇ ಚೊಗರು. ಅದರ ಒಂದು ಹನಿ ಸೀರೆಗೆ ಸಿಡಿದರೂ ಆ ಕಲೆ ಸೀರೆಯ ಆಯುಷ್ಯವಿರುವವರೆಗೂ ಇರುತ್ತಿತ್ತು. ಚೊಗರು ಎಂದರೆ ಒಗರಿನ ಸಾರವೇ. ಬಣ್ಣವೂ ಅದರಲ್ಲೇ ಇದೆ, ಅಂಟಿಕೊಳ್ಳುವ ಗುಣವೂ ಅದರಲ್ಲೇ ಇದೆ. ಅಮ್ಮ ಬೈದುಕೊಳ್ಳುತ್ತಿದ್ದ ಆ ಕಲೆಯ ಹಿಂದೆ ಸಾವಿರಾರು ವರ್ಷಗಳ ವಿದ್ಯೆಯೊಂದಿದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಬಹ್ರೇನಿನ 'ಉಣ್ಣೆ ಬಿಡುವ ಮರ'

ನಾವು ಬಹ್ರೇನಿಗೆ ಬಂದದ್ದು 1990ರಲ್ಲಿ. ಈ ಮರಳಿನ ದ್ವೀಪಕ್ಕೂ ಹತ್ತಿಗೂ ಏನು ಸಂಬಂಧ ಎಂದೇ ನಾನು ಬಹುಕಾಲ ಭಾವಿಸಿದ್ದೆ. ವಾರಾಂತ್ಯದಲ್ಲಿ ಮಕ್ಕಳನ್ನು ಆಡಿಸಲು ನಾವೆಲ್ಲ ಕರೆದೊಯ್ಯುವ ಕಲಾತ್ ಅಲ್ ಬಹ್ರೇನ್ ಕೋಟೆಯೇ ಈ ತಿಳಿವಳಿಕೆಯನ್ನು ತಿದ್ದಿತು.

ಅಲೆಕ್ಸಾಂಡರನ ನೌಕಾಧಿಕಾರಿಗಳಲ್ಲಿ ಆಂಡ್ರೋಸ್ತನೀಸ್ ಎಂಬವನು ಕ್ರಿ.ಪೂ. 324ರ ಸುಮಾರಿಗೆ ಈ ಕೊಲ್ಲಿಯಲ್ಲಿ ಪಯಣಿಸಿದ. ಗ್ರೀಕರು ಬಹ್ರೇನನ್ನು ಟೈಲೋಸ್ ಎಂದು ಕರೆದರು. ಸಸ್ಯಶಾಸ್ತ್ರದ ಪಿತಾಮಹನೆನಿಸಿದ ಥಿಯೋಫ್ರಾಸ್ಟಸ್ ತನ್ನ ಗ್ರಂಥದಲ್ಲಿ ಟೈಲೋಸ್‌ನ ಗಿಡಮರಗಳ ವಿವರ ಕೊಡುವಾಗ, ಅಲ್ಲಿ ಉಣ್ಣೆ ಬಿಡುವ ಮರಗಳು ಹೇರಳವಾಗಿವೆ, ಅವುಗಳ ಎಲೆ ದ್ರಾಕ್ಷಿಯ ಎಲೆಯಂತಿದ್ದು ಅದಕ್ಕಿಂತ ಚಿಕ್ಕದು, ಕಾಯಿ ಬಲಿತಾಗ ಬಿರಿಯುತ್ತದೆ, ಅದರ ನಾರಿನಿಂದ ಅಗ್ಗದ ಬಟ್ಟೆಯನ್ನೂ ಬಹಳ ಬೆಲೆಬಾಳುವ ಬಟ್ಟೆಯನ್ನೂ ನೇಯುತ್ತಾರೆ ಎಂಬ ಅರ್ಥದಲ್ಲಿ ಬರೆದಿದ್ದಾನೆ. ಅದು ಹತ್ತಿಯೇ ಎನ್ನುವುದರಲ್ಲಿ ಅನುಮಾನವಿಲ್ಲ. ಮುಂದೆ ರೋಮಿನ ಪ್ಲಿನಿಯೂ ಇದನ್ನೇ ಹೇಳಿದ.

ಗ್ರಂಥದ ಮಾತಿಗೆ ಮಣ್ಣಿನ ಸಾಕ್ಷಿಯೂ ದೊರೆತಿದೆ. 1950ರ ದಶಕದಲ್ಲಿ ಪಿ.ವಿ. ಗ್ಲಾಬ್ ಮತ್ತು ಜೆಫ್ರಿ ಬಿಬಿ ನೇತೃತ್ವದ ಡೆನ್ಮಾರ್ಕಿನ ತಂಡ ಕಲಾತ್ ಅಲ್ ಬಹ್ರೇನಿನ ಉತ್ಖನನ ಆರಂಭಿಸಿತು. ನಂತರ ಫ್ರೆಂಚ್ ತಂಡಗಳು ಕೆಲಸ ಮುಂದುವರಿಸಿದವು. ಅಲ್ಲಿ ಸಿಕ್ಕ ಸಸ್ಯಗಳ ಅವಶೇಷಗಳನ್ನು ಪರೀಕ್ಷಿಸಿದಾಗ ಕ್ರಿ.ಪೂ. 6ರಿಂದ 4ನೇ ಶತಮಾನದ ಪದರಗಳಲ್ಲಿ ಹತ್ತಿಯ ಬೀಜಗಳು ಕಂಡುಬಂದವು. ಬಟ್ಟೆ ಹೊರಗಿನಿಂದ ಹಡಗಿನಲ್ಲಿ ಬರಬಹುದು. ಬೀಜ ಸಿಕ್ಕಿತೆಂದರೆ ಇಲ್ಲೇ ಬೆಳೆಯುತ್ತಿದ್ದರೆಂಬ ಮಾತಿಗೆ ಬಲ ಬರುತ್ತದೆ. 2005ರಲ್ಲಿ ಯುನೆಸ್ಕೋ ಈ ತಾಣವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವು ಸಂಜೆ ಕುಳಿತು ಚಹಾ ಕುಡಿಯುವ ಆ ದಿಬ್ಬದ ಸುತ್ತಲಿನ ಖರ್ಜೂರದ ತೋಟಗಳ ನಡುವೆ ಒಂದು ಕಾಲಕ್ಕೆ ಹತ್ತಿ ಅರಳುತ್ತಿತ್ತು.

ಸಿಂಧೂ ತೀರದ ಕೆಂಪು

ಹತ್ತಿ ಇಲ್ಲಿಗೆ ಎಲ್ಲಿಂದ ಬಂದೀತು? ಉತ್ತರಕ್ಕಾಗಿ ಇನ್ನೂ ಎರಡು ಸಾವಿರ ವರ್ಷ ಹಿಂದೆ ಹೋಗಬೇಕು. ಆಗ ಬಹ್ರೇನಿನ ಹೆಸರು ದಿಲ್ಮನ್. ಮೆಸಪೊಟೇಮಿಯಾದ ಮಣ್ಣಿನ ಫಲಕಗಳಲ್ಲಿ ಮೆಲುಹ್ಹಾ ಎಂದು ಕರೆಸಿಕೊಂಡ ನಾಡನ್ನು ವಿದ್ವಾಂಸರು ಸಿಂಧೂ ಕಣಿವೆ ಎಂದೇ ಗುರುತಿಸುತ್ತಾರೆ. ದಿಲ್ಮನ್ ಇವೆರಡರ ನಡುವಿನ ಸಂತೆಕಟ್ಟೆ. ಕಲಾತ್ ಅಲ್ ಬಹ್ರೇನಿನಲ್ಲಿ ಸಿಂಧೂ ಮಾದರಿಯ ತೂಕದ ಕಲ್ಲುಗಳು ಸಿಕ್ಕಿವೆ. ಇಲ್ಲಿನ ವ್ಯಾಪಾರಿಗಳು ನಮ್ಮ ಉಪಖಂಡದ ತೂಕದಲ್ಲೇ ತೂಗುತ್ತಿದ್ದರು.

ಆ ಸಿಂಧೂ ನಾಡಿನ ಮೊಹೆಂಜೊದಾರೊದಲ್ಲಿ, ಜಾನ್ ಮಾರ್ಷಲ್ ಅವರ ಉತ್ಖನನದ ಕಾಲದಲ್ಲಿ, ಬೆಳ್ಳಿಯ ಪಾತ್ರೆಯೊಂದಕ್ಕೆ ಅಂಟಿಕೊಂಡ ಬಟ್ಟೆಯ ಚೂರು ದೊರೆಯಿತು. ಬೆಳ್ಳಿಯ ಲವಣಗಳಿಂದಾಗಿ ಅದು ಕೊಳೆಯದೆ ಉಳಿದಿತ್ತು. ಸುಮಾರು 4,000 ವರ್ಷಗಳಿಗೂ ಹಳೆಯದಾದ ಆ ಚೂರು ಹತ್ತಿಯದು. ಪರೀಕ್ಷಿಸಿದವರು ಅದರಲ್ಲಿ ಮಂಜಿಷ್ಠ ಜಾತಿಯ ಬೇರಿನ ಕೆಂಪು ಬಣ್ಣವನ್ನೂ ಗುರುತಿಸಿದರು. ಮಂಜಿಷ್ಠದ ಕೆಂಪು ಹತ್ತಿಗೆ ಬಂಧಕವಿಲ್ಲದೆ ಗಟ್ಟಿಯಾಗಿ ಹಿಡಿಯುವುದಿಲ್ಲ. ಆ ಚೂರು ನಮಗೆ ಹೇಳುವ ದೊಡ್ಡ ಸಂಗತಿ ಇದೇ: ಹತ್ತಿಯ ಹಠವನ್ನು ಮುರಿಯುವ ಉಪಾಯ ಅಷ್ಟು ಹೊತ್ತಿಗೇ ಅಲ್ಲಿನವರಿಗೆ ಗೊತ್ತಿತ್ತು.

ಕೊಲ್ಲಿಯವರಿಗೂ ಬಣ್ಣದ ವಿದ್ಯೆ ಹೊಸದಲ್ಲ. ನಮ್ಮ ನೆರೆಯ ಕತಾರಿನ ಅಲ್ ಖೋರ್ ದ್ವೀಪದಲ್ಲಿ ಕ್ರಿ.ಪೂ. ಎರಡನೆಯ ಸಹಸ್ರಮಾನದಲ್ಲೇ ಸಮುದ್ರದ ಶಂಖದ ಹುಳುಗಳಿಂದ ನೇರಳೆ ಬಣ್ಣ ತೆಗೆಯುತ್ತಿದ್ದರು. ರಾಶಿ ರಾಶಿ ಒಡೆದ ಚಿಪ್ಪುಗಳು ಅಲ್ಲಿ ಉಳಿದಿವೆ. ಆದರೆ ಒಂದಿಷ್ಟು ಬಣ್ಣಕ್ಕೆ ಸಾವಿರಾರು ಹುಳುಗಳು ಬೇಕಿದ್ದುದರಿಂದ ಅದು ಅರಸರ ಬಣ್ಣವಾಯಿತು. ಗಿಡದ ಬಣ್ಣ ಹಾಕಿದ ಹತ್ತಿ ಎಲ್ಲರ ಮೈಮೇಲೂ ಬಂತು.

'ನೀಲ' ಎಂಬ ಪದದ ಪಯಣ

ಬಂಧಕ ಬೇಡದ ಒಂದು ಬಣ್ಣವಿದೆ. ಅದು ನೀಲಿ. ಆದರೆ ಅದರ ಕಷ್ಟವೇ ಬೇರೆ. ನೀಲಿ ಗಿಡದ ಬಣ್ಣ ನೀರಿನಲ್ಲಿ ಕರಗುವುದೇ ಇಲ್ಲ. ಅದನ್ನು ಸುಣ್ಣದ ನೀರಿನ ಹಂಡೆಯಲ್ಲಿ ಹುದುಗು ಬರಿಸಿ, ಆಮ್ಲಜನಕ ಕಳೆದು, ಕರಗುವಂತೆ ಮಾಡಬೇಕು. ದಕ್ಷಿಣ ಭಾರತದಲ್ಲಿ ಈ ಹುದುಗಿಗೆ ಬಳಸುತ್ತಿದ್ದುದು ಚಗಟೆ ಗಿಡದ ಬೀಜ. ನಾನು ಮದುವೆಯಾಗಿ ಉಡುಪಿಯ ಕಡೆಗೆ ಬಂದಾಗ ಆಟಿ ತಿಂಗಳಲ್ಲಿ ನಮ್ಮತ್ತೆ ಇದರದೇ ಎಳೆ ಸೊಪ್ಪನ್ನು ಕೊಯ್ದು ತಂದು ಅಡುಗೆ ಮಾಡುತ್ತಿದ್ದರು. ತುಳುವಿನಲ್ಲಿ ಅದು ತಜಂಕ್. ಗದ್ದೆಯ ಬದುವಿನಲ್ಲಿ ತಾನೇ ತಾನಾಗಿ ಬೆಳೆಯುವ ಈ ಸೊಪ್ಪಿನ ಬೀಜ ನೀಲಿಯ ಹಂಡೆಗೆ ಹೋಗುತ್ತಿತ್ತು ಎಂದು ಅವರಿಗೆ ಹೇಳಿದ್ದರೆ ನಗುತ್ತಿದ್ದರೇನೋ.

ಹಂಡೆಯಿಂದ ಎತ್ತಿದ ಬಟ್ಟೆ ಹಳದಿ ಮಿಶ್ರಿತ ಹಸಿರಾಗಿರುತ್ತದೆ. ಗಾಳಿ ತಾಗುತ್ತಿದ್ದಂತೆ ನೋಡನೋಡುತ್ತಲೇ ನೀಲಿಯಾಗುತ್ತದೆ. ಆಮ್ಲಜನಕ ಸಿಕ್ಕ ಕೂಡಲೇ ಕಪ್ಪುಗೆಂಪು ರಕ್ತ ಕಡುಗೆಂಪಾಗುವುದನ್ನು ಕಂಡ ನಮ್ಮಂಥ ವೈದ್ಯರಿಗೆ ಈ ದೃಶ್ಯ ಬೇಗ ಅರ್ಥವಾಗುತ್ತದೆ. ನೀಲಿ ನೂಲಿನ ಎಳೆಯೊಳಗೇ ಮತ್ತೆ ಕರಗದ ಕಣವಾಗಿ ಸಿಕ್ಕಿಕೊಳ್ಳುತ್ತದೆ. ಎಷ್ಟು ಸಲ ಅದ್ದುತ್ತೀರೋ ಅಷ್ಟು ಗಾಢ.

ಕ್ರಿ.ಶ. ಮೊದಲನೆಯ ಶತಮಾನದ ಗ್ರೀಕ್ ನಾವಿಕರ ಕೈಪಿಡಿ 'ಪೆರಿಪ್ಲಸ್'ನಲ್ಲಿ ಸಿಂಧೂ ನದಿಯ ಮುಖದ ಬಾರ್ಬರಿಕಾನ್ ಬಂದರಿನಿಂದ ಹೊರಹೋಗುತ್ತಿದ್ದ ಸರಕುಗಳ ಪಟ್ಟಿಯಿದೆ. ಅದರಲ್ಲಿ ಹತ್ತಿ ಬಟ್ಟೆಯೂ ಭಾರತದ ನೀಲಿಯೂ ಸೇರಿವೆ. ಭಾರತದಿಂದ ಬಂದದ್ದೆಂಬ ಅರ್ಥದ ಗ್ರೀಕ್ ಪದದಿಂದಲೇ 'ಇಂಡಿಗೊ' ಹುಟ್ಟಿತು. ಅರಬರು ನಮ್ಮ ಸಂಸ್ಕೃತದ 'ನೀಲ'ವನ್ನೇ ತೆಗೆದುಕೊಂಡು 'ನೀಲ್' ಎಂದರು. ಒಮಾನಿನ ಬಹ್ಲಾ, ಇಬ್ರಿ ಪಟ್ಟಣಗಳಲ್ಲಿ ನೀಲಿ ಬಣ್ಣ ಹಾಕುವ ಕಸುಬು ಇಪ್ಪತ್ತನೆಯ ಶತಮಾನದವರೆಗೂ ನಡೆದಿತ್ತು. ಮಂಜಿಷ್ಠದ ಜಾತಿಯ ಬೇರಿಗೆ ಇಲ್ಲಿ 'ಫುವ್ವಾ', ಪಟಿಕಕ್ಕೆ 'ಶಬ್' ಎನ್ನುತ್ತಾರೆ.

ಹೀಗೆ ಪಶ್ಚಿಮಕ್ಕೆ ಹೋದ ನಮ್ಮ ಬಟ್ಟೆ ಹೇಗಿತ್ತೆಂದು ನೋಡಬೇಕಾದರೆ ಈಜಿಪ್ಟಿನ ಹಳೆಯ ಕೈರೋ, ಅಂದರೆ ಫುಸ್ತಾತ್, ಒಳ್ಳೆಯ ಜಾಗ. ಅಲ್ಲಿನ ಒಣ ಮಣ್ಣಿನಲ್ಲಿ ಸಿಕ್ಕ ಗುಜರಾತಿನ ಅಚ್ಚಿನ ಹತ್ತಿ ಬಟ್ಟೆಯ ಚೂರುಗಳು ಆಕ್ಸ್‌ಫರ್ಡಿನ ಆಶ್ಮೋಲಿಯನ್ ವಸ್ತುಸಂಗ್ರಹಾಲಯವೊಂದರಲ್ಲೇ 1,200ಕ್ಕೂ ಹೆಚ್ಚು ಇವೆ. ಹಲವು ಚೂರುಗಳು ಸಾವಿರ ವರ್ಷದ ಆಸುಪಾಸಿನವು. ಕೆಂಪೂ ನೀಲಿಯೂ ಇನ್ನೂ ಮಾಸಿಲ್ಲ. ಮಂಗಳೂರಿನವರು ನೆನಪಿಡಬೇಕಾದ ಸಂಗತಿಯೊಂದಿದೆ: ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯೀಜುವಿನ ಪತ್ರಗಳು ಉಳಿದು ಬಂದದ್ದೂ ಇದೇ ಫುಸ್ತಾತಿನ ಸಿನಗಾಗ್ ಒಂದರಲ್ಲಿ.

ನಮ್ಮ ನಾಡಿನ ಬಣ್ಣಗಾರರು

ಕರ್ನಾಟಕದ ಬಣ್ಣದ ಕಸುಬಿನ ಬಗ್ಗೆ ಕಣ್ಣಾರೆ ಕಂಡು ಬರೆದವರಲ್ಲಿ ಫ್ರಾನ್ಸಿಸ್ ಬುಕಾನನ್ ಮುಖ್ಯ. ಅವರೂ ವೈದ್ಯರೇ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದರು. 1807ರಲ್ಲಿ ಮೂರು ಸಂಪುಟಗಳಲ್ಲಿ ಅದು ಪ್ರಕಟವಾಯಿತು. ಬೆಂಗಳೂರಿನಲ್ಲಿ ಪಟ್ವೇಗಾರರು, ಖತ್ರಿಗಳು, ದೇವಾಂಗದವರು, ತೊಗಟರು ಯಾವ ಯಾವ ಬಟ್ಟೆ ನೇಯುತ್ತಾರೆ, ಯಾರು ಬಣ್ಣ ಹಾಕುತ್ತಾರೆ ಎಂದು ಬರೆದುಕೊಂಡರು. ಮಡ್ಡಿ ಬೇರು, ಪಪ್ಪಳಿ ಚಕ್ಕೆಯಂಥ ಬಣ್ಣದ ಸರಕುಗಳ ಹೆಸರುಗಳೂ ಅವರ ಬರಹದಲ್ಲಿ ಬರುತ್ತವೆ. ನಮ್ಮ ಉತ್ತರ ಕರ್ನಾಟಕದ ಸದಸ್ಯರಲ್ಲಿ ಬಣ್ಣಗಾರ, ನೀಲಗಾರ ಎಂಬ ಅಡ್ಡಹೆಸರಿನವರಿದ್ದಾರೆ. ಆ ಹೆಸರುಗಳು ಆ ಕಸುಬಿನ ಶಾಸನಗಳೇ.

ಇನ್ನು ಕರಾವಳಿಯವರು ಹೆಮ್ಮೆಯಿಂದ ಹೇಳುವ ಮಾತೊಂದಿದೆ: ಖಾಕಿ ಬಣ್ಣ ಹುಟ್ಟಿದ್ದು ಮಂಗಳೂರಿನಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಮುಂದೆ ನೇಯ್ಗೆಯ ಕಾರ್ಖಾನೆ ತೆರೆಯಿತು. 1851ರಲ್ಲಿ ಬಂದ ಹಾಲರ್ ಎಂಬ ನೇಕಾರ ಗೇರಿನ ಕುಟುಂಬಕ್ಕೆ ಸೇರಿದ ಮರದಿಂದ ಖಾಕಿ ಬಣ್ಣ ತಯಾರಿಸಿದನೆಂಬುದು ಪ್ರಚಲಿತ ಕತೆ. ಆದರೆ ಹ್ಯಾರಿ ಲಮ್ಸ್‌ಡೆನ್ 1846ರಲ್ಲಿ ಪೇಶಾವರದಲ್ಲಿ ಕಟ್ಟಿದ ಗೈಡ್ಸ್ ಪಡೆಯ ಸೈನಿಕರು ಅದಕ್ಕೂ ಮೊದಲೇ ಧೂಳಿನ ಬಣ್ಣದ ಬಟ್ಟೆ ತೊಟ್ಟಿದ್ದರು. 'ಖಾಕ್' ಎಂದರೆ ಪಾರ್ಸಿಯಲ್ಲಿ ಧೂಳು. ಮೊದಲ ಖಾಕಿ ಮಂಗಳೂರಿನದೆಂದು ಹೇಳುವಂತಿಲ್ಲ. ಆದರೆ ಸಲೀಸಾಗಿ ಮಾಸದ ಖಾಕಿಯನ್ನು ಕಾರ್ಖಾನೆಯಲ್ಲಿ ತಯಾರಿಸಿ ಹೆಸರು ಮಾಡಿದವರಲ್ಲಿ ಮಂಗಳೂರಿನವರಿದ್ದರು ಎನ್ನಲು ಅಡ್ಡಿಯಿಲ್ಲ. ಹೆಮ್ಮೆಗೆ ಅಷ್ಟು ಸಾಕು.

ಕ್ವಿನೈನ್ ಹುಡುಕಹೋಗಿ ಸಿಕ್ಕ ಬಣ್ಣ

ಈ ಎಲ್ಲ ವಿದ್ಯೆ ಒಂದು ಶತಮಾನದೊಳಗೆ ಮೂಲೆಗೆ ಬಿದ್ದುದು ಹೇಗೆ? 1856ರಲ್ಲಿ ಲಂಡನ್ನಿನ ಹದಿನೆಂಟು ವರ್ಷದ ಹುಡುಗ ವಿಲಿಯಂ ಪರ್ಕಿನ್ ಮಲೇರಿಯಾದ ಔಷಧ ಕ್ವಿನೈನನ್ನು ಡಾಂಬರಿನ ಮೂಲವಸ್ತುವಿನಿಂದ ತಯಾರಿಸಲು ಹೋದ. ಕ್ವಿನೈನ್ ಆಗಲಿಲ್ಲ, ನೇರಳೆ ಬಣ್ಣವೊಂದು ಸಿಕ್ಕಿತು. ಅವನು ಬಳಸಿದ್ದು ಅನಿಲೀನ್. ಆ ವಸ್ತುವನ್ನು ಮೊದಲು ಪಡೆದದ್ದು 1826ರಲ್ಲಿ, ನೀಲಿಯನ್ನು ಬಟ್ಟಿಯಿಳಿಸಿ. ಹಾಗಾಗಿ 'ನೀಲ್' ಎಂಬ ಪದದಿಂದಲೇ ಅದಕ್ಕೆ ಆ ಹೆಸರು ಬಂತು. ಸಸ್ಯಬಣ್ಣಗಳನ್ನು ಸೋಲಿಸಿದ ರಾಸಾಯನಿಕವೂ ನಮ್ಮ ನೀಲದ ಹೆಸರನ್ನೇ ಹೊತ್ತಿದೆ!

1868ರಲ್ಲಿ ಗ್ರೇಬ ಮತ್ತು ಲೀಬರ್‌ಮನ್ ಎಂಬ ಜರ್ಮನ್ ವಿಜ್ಞಾನಿಗಳು ಫುವ್ವಾ ಬೇರಿನ ಕೆಂಪಾದ ಅಲಿಜರಿನನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. 1897ರಲ್ಲಿ ಬಿಎಎಸ್‌ಎಫ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಆ ಹೊತ್ತಿಗೆ ಗಿಡದಿಂದ ತೆಗೆಯುತ್ತಿದ್ದ ನೀಲಿ ಸುಮಾರು 19,000 ಟನ್. 1914ರಲ್ಲಿ ಅದು ಸುಮಾರು 1,000 ಟನ್ನಿಗೆ ಇಳಿಯಿತು.

ಹಾಗೆಂದು ಗಿಡದ ನೀಲಿಯ ಕಾಲ ಸ್ವರ್ಗವಾಗಿತ್ತೆಂದು ನಾನು ಹೇಳಲಾರೆ. 1859ರಲ್ಲಿ ಬಂಗಾಳದ ರೈತರು ನೀಲಿ ತೋಟದ ಬಿಳಿಯರ ವಿರುದ್ಧ ಎದ್ದರು. ಚಂಪಾರಣ್ಯದಲ್ಲಿ ಇಪ್ಪತ್ತು ಕಟ್ಠಾ ಭೂಮಿಯಲ್ಲಿ ಮೂರು ಕಟ್ಠಾದಷ್ಟು ನೀಲಿ ಬೆಳೆಯಲೇಬೇಕೆಂಬ ಕಟ್ಟಳೆಯಿತ್ತು. 1917ರಲ್ಲಿ ಗಾಂಧೀಜಿ ಅಲ್ಲಿಗೆ ಹೋದದ್ದು ಅದಕ್ಕಾಗಿಯೇ. ಹಾಗೆಯೇ ಕೃತಕ ಬಣ್ಣಗಳೆಲ್ಲ ಕೇಡೆಂದೂ ಹೇಳಲಾರೆ. ಪಾಲ್ ಎರ್ಲಿಖ್ 1891ರಲ್ಲಿ ಮಲೇರಿಯಾ ರೋಗಿಗಳಿಗೆ ಕೊಟ್ಟ ಮೆಥಿಲೀನ್ ಬ್ಲೂ ಒಂದು ಬಣ್ಣ. ಸಲ್ಫಾ ಔಷಧಗಳಿಗೆ ದಾರಿ ಮಾಡಿದ ಪ್ರಾಂಟೊಸಿಲ್ ಕೂಡ ಒಂದು ಬಣ್ಣ. ಪ್ರಯೋಗಾಲಯದಲ್ಲಿ ರೋಗಾಣುಗಳನ್ನು ನಾವು ಗುರುತಿಸುವುದೇ ಈ ಬಣ್ಣಗಳಿಂದ.

ಆದರೆ ಇದರ ಬೆಲೆ ತೆತ್ತವರು ಬೇರೆ. 1895ರಲ್ಲಿ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೇನ್, ಫುಕ್ಸಿನ್ ಎಂಬ ಕೆಂಪು ಬಣ್ಣ ತಯಾರಿಸುವ ಕಾರ್ಖಾನೆಯ 45 ಕೆಲಸಗಾರರಲ್ಲಿ ಮೂವರಿಗೆ ಮೂತ್ರಕೋಶದ ಗಡ್ಡೆಯಾದುದನ್ನು ವರದಿ ಮಾಡಿದರು. 1954ರಲ್ಲಿ ಬ್ರಿಟನ್ನಿನ ರಾಬರ್ಟ್ ಕೇಸ್, ಬಣ್ಣದ ಉದ್ಯಮದಲ್ಲಿ ಬಳಸುತ್ತಿದ್ದ ಬೆಂಜಿಡೀನ್ ಮತ್ತು ನ್ಯಾಫ್ತೈಲಮೀನ್ ಈ ಕ್ಯಾನ್ಸರಿಗೆ ಕಾರಣವೆಂದು ತೋರಿಸಿಕೊಟ್ಟರು.

ಇದನ್ನೆಲ್ಲ ನಾನು ಪಠ್ಯಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. 1983ರಲ್ಲಿ ಉತ್ತರ ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿದ್ದಾಗ ಐವತ್ತರ ಆಸುಪಾಸಿನ ಒಬ್ಬರು ಬಂದರು. ಮೂತ್ರದಲ್ಲಿ ರಕ್ತ, ನೋವಿಲ್ಲ. ಹೊರರೋಗಿಗಳ ಸಾಲು ಬಾಗಿಲಾಚೆಗೂ ಇತ್ತು. ನಾನು ಸೋಂಕು ಎಂದುಕೊಂಡು ಮಾತ್ರೆ ಬರೆದುಕೊಟ್ಟೆ. ಏಳೆಂಟು ತಿಂಗಳ ನಂತರ ಅವರು ವಾರ್ಡಿಗೆ ದಾಖಲಾದಾಗ ರೋಗ ಕೈಮೀರಿತ್ತು. ನನ್ನ ಹಿರಿಯ ವೈದ್ಯರು ಅವರ ಕೈಗಳನ್ನು ತಿರುಗಿಸಿ ನೋಡಿದರು. ಉಗುರಿನ ಸಂದಿಗಳಲ್ಲಿ ಕಡುಕೆಂಪು. "ಏನು ಕೆಲಸ ನಿಮ್ಮದು?" ಎಂದು ಕೇಳಿದರು. "ನೂಲಿಗೆ ಬಣ್ಣ ಹಾಕ್ತೀನ್ರೀ. ನಮ್ಮಪ್ಪನ ಕಾಲದಿಂದ ಅದ ಕೆಲಸ" ಎಂದರು ಅವರು. ನನ್ನ ಕಡೆ ತಿರುಗಿ, "ಅಕ್ಕಾರು ಆವಾಗ ಇದನ್ನ ಕೇಳಲಿಲ್ರೀ" ಎಂದರು. ಅದರಲ್ಲಿ ದೂರಿರಲಿಲ್ಲ. ನಡೆದದ್ದನ್ನು ಹೇಳಿದ್ದರು, ಅಷ್ಟೆ.

ಅವರ ರೋಗಕ್ಕೆ ಆ ಬಣ್ಣವೇ ಕಾರಣವೆಂದು ಒಬ್ಬ ರೋಗಿಯನ್ನು ನೋಡಿ ಯಾವ ವೈದ್ಯರೂ ಪ್ರಮಾಣ ಮಾಡಲಾರರು. ಆದರೆ ಆ ಕೈಗಳು ನನ್ನ ಮೇಜಿನ ಮೇಲೇ ಇದ್ದವು, ನಾನು ನೋಡಿರಲಿಲ್ಲ. ರೋಗಿಯನ್ನು ಅವನ ಕಸುಬೇನೆಂದು ಕೇಳಬೇಕೆಂದು ಇಟಲಿಯ ರಮಝಿನಿ 1700ರಲ್ಲೇ ವೈದ್ಯರಿಗೆ ಹೇಳಿದ್ದರು. ಅಂದಿನಿಂದ ನಿವೃತ್ತಿಯಾಗುವವರೆಗೂ ಆ ಪ್ರಶ್ನೆ ಕೇಳದೆ ನಾನು ಯಾರಿಗೂ ಔಷಧ ಬರೆದಿಲ್ಲ. ಕ್ಯಾನ್ಸರ್‌ಕಾರಕ ಅಮೀನುಗಳನ್ನು ಬಿಡುವ ಅಝೋ ಬಣ್ಣಗಳನ್ನು ಬಟ್ಟೆಗೆ ಬಳಸಬಾರದೆಂದು ಜರ್ಮನಿ 1994ರಲ್ಲಿ ಕಾನೂನು ಮಾಡಿತು. ಅದೇ ದಶಕದಲ್ಲಿ ಭಾರತವೂ ಅಂಥ ಬಣ್ಣಗಳನ್ನು ನಿಷೇಧಿಸಿತು.

ಮರಳಿ ಬಂದ ಚೊಗರು

ಇತ್ತೀಚಿನ ದಶಕಗಳಲ್ಲಿ ಸಸ್ಯಬಣ್ಣ ನಮ್ಮ ನಾಡಿಗೆ ಮರಳಿದೆ. ನನ್ನ ತವರಿಗೆ ಹತ್ತಿರದ ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳುತನದಲ್ಲಿ ಬೆಳೆದ 'ಚರಕ' ಎಂಬ ಮಹಿಳೆಯರ ಸಹಕಾರ ಸಂಘ ಕೈಮಗ್ಗದ ಹತ್ತಿಗೆ ಚೊಗರಿನ ಬಣ್ಣ ಹಾಕಿತು. ಅಮ್ಮನ ಸೀರೆಯನ್ನು ಕೆಡಿಸಿದ ಅದೇ ಚೊಗರು 'ದೇಸಿ' ಮಳಿಗೆಗಳಲ್ಲಿ ಕುರ್ತಾ ಆಗಿ ಬಂತು. ನಾನು ಮೊದಲ ಸಲ ಅದನ್ನು ಕೊಂಡಾಗ ಅಮ್ಮ ಮೂಸಿ ನೋಡಿ, "ಇದಕ್ಕೆ ದುಡ್ಡು ಕೊಟ್ಟೆಯಾ?" ಎಂದಿದ್ದಳು. ಇತ್ತ ಕರಾವಳಿಯಲ್ಲಿ ಅಳಿವಿನಂಚಿಗೆ ಬಂದಿದ್ದ ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಮಗ್ಗಗಳಲ್ಲಿ ಸಸ್ಯಬಣ್ಣದ ಸೀರೆಗಳೂ ತಯಾರಾಗುತ್ತಿವೆ.

ವೈದ್ಯಳಾಗಿ ಒಂದು ಎಚ್ಚರಿಕೆಯ ಮಾತು. ಗಿಡದ್ದು ಎಂದ ಮಾತ್ರಕ್ಕೆ ನಿರಪಾಯವಲ್ಲ. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕಾಡುಗೇರಿನ ಎಣ್ಣೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಬರಿಸುತ್ತದೆ. ಕೆಲವರು ಬಣ್ಣ ಗಾಢವಾಗಲೆಂದು ಬಂಧಕವಾಗಿ ಮೈಲುತುತ್ತವನ್ನೂ ಕ್ರೋಮಿಯಂ ಲವಣವನ್ನೂ ಬಳಸುತ್ತಾರೆ. ಇವು ವಿಷ. 'ನೈಸರ್ಗಿಕ' ಎಂಬ ಚೀಟಿ ಕಂಡಾಗ ಬಣ್ಣ ಯಾವುದೆಂದು ಕೇಳುವ ಜೊತೆಗೆ ಬಂಧಕ ಯಾವುದು, ಹಂಡೆಯ ಮುಂದೆ ನಿಂತವರ ಕೈಗೆ ಗವಸು ಇತ್ತೇ ಎಂದೂ ಕೇಳಿ.

ಬಹ್ರೇನಿನಲ್ಲೂ ಮಗ್ಗದ ಸದ್ದು ನಿಂತಿಲ್ಲ. ಬನಿ ಜಮ್ರಾ ಗ್ರಾಮ ನೇಯ್ಗೆಗೆ ಹೆಸರಾದದ್ದು. ಮೊಮ್ಮಗಳನ್ನು ಅಲ್ಲಿಗೆ ಕರೆದೊಯ್ದೆ. ವಯಸ್ಸಾದ ನೇಕಾರರೊಬ್ಬರು ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಮಗ್ಗ ತುಳಿಯುತ್ತಿದ್ದರು. ಇಳಕಲ್ಲಿನ ಗುಂಡಿಮಗ್ಗದ ನೆನಪಾಯಿತು. ನನ್ನ ಹರಕು ಅರಬ್ಬಿಯಲ್ಲಿ, ನಮ್ಮ ಊರಲ್ಲೂ ಹೀಗೇ ಎಂದೆ. "ಹಿಂದ್?" ಎಂದು ಕೇಳಿ ನಕ್ಕು, ಅವಳ ಕೈಗೆ ಲಾಳಿ ಕೊಟ್ಟರು.

ಮನೆಗೆ ಬಂದು ಅವಳ ಪ್ರಶ್ನೆಗೆ ಬಾಲ್ಕನಿಯಲ್ಲೇ ಉತ್ತರ ಹುಡುಕಿದೆವು. ಇದನ್ನು ನೀವೂ ಮಕ್ಕಳೊಡನೆ ಮಾಡಬಹುದು. ಬಿಳಿ ಹತ್ತಿ ಬಟ್ಟೆಯನ್ನು ಸೋಪಿನ ನೀರಿನಲ್ಲಿ ಕುದಿಸಿ ಗಂಜಿ, ಜಿಡ್ಡು ತೆಗೆಯಿರಿ. ಅದನ್ನು ಮೂರು ತುಂಡು ಮಾಡಿ, ಒಂದನ್ನು ಹಾಗೆಯೇ ಇಡಿ. ಇನ್ನೊಂದನ್ನು ಪಟಿಕದ ನೀರಿನಲ್ಲಿ ಒಂದು ರಾತ್ರಿ ನೆನೆಸಿ. 100 ಗ್ರಾಂ ಬಟ್ಟೆಗೆ 15 ಗ್ರಾಂ ಪಟಿಕದ ಲೆಕ್ಕ. ಮನಾಮಾ ಸೂಕ್‌ನ ಗಿಡಮೂಲಿಕೆ ಅಂಗಡಿಯಲ್ಲಿ 'ಶಬ್' ಎಂದು ಕೇಳಿದರೆ ಕೊಡುತ್ತಾರೆ. ಬಟ್ಟೆಯಷ್ಟೇ ತೂಕದ ಒಣ ದಾಳಿಂಬೆ ಸಿಪ್ಪೆಯನ್ನು ಅಡುಗೆಗೆ ಬಳಸದ ಸ್ಟೀಲ್ ಪಾತ್ರೆಯಲ್ಲಿ ಒಂದು ಗಂಟೆ ಕುದಿಸಿ ಸೋಸಿ, ಮೂರೂ ತುಂಡುಗಳನ್ನು ಅದರಲ್ಲಿ ಒಂದು ಗಂಟೆ ಸಣ್ಣ ಉರಿಯಲ್ಲಿಡಿ. ಮೂರನೆಯದನ್ನು ಕೊನೆಗೆ ತುಕ್ಕು ಹಿಡಿದ ಮೊಳೆಗಳನ್ನು ವಿನೆಗರ್‌ನಲ್ಲಿ ನೆನೆಹಾಕಿದ ನೀರಿನಲ್ಲಿ ಅದ್ದಿ ತೆಗೆಯಿರಿ. ಎಲ್ಲವನ್ನೂ ಚೆನ್ನಾಗಿ ಒಗೆಯಿರಿ. ಕುದಿಸುವುದು ಮತ್ತು ಅದ್ದುವುದು ದೊಡ್ಡವರ ಕೆಲಸ.

ನಮ್ಮದರಲ್ಲಿ ಮೊದಲನೆಯ ತುಂಡು ಮಾಸಲು ಹಳದಿಯಾಯಿತು. ಪಟಿಕದ್ದು ಹೊಳೆಯುವ ಹಳದಿ. ತುಕ್ಕಿನದು ಮಳೆಗಾಲದ ಮೋಡದ ಹಾಗೆ ಕಪ್ಪು ಬೂದು. ಗಿಡ ಒಂದೇ, ಬಟ್ಟೆ ಒಂದೇ, ಬದಲಾದದ್ದು ನಡುವಿನ ವಸ್ತು ಮಾತ್ರ. ಮೊಹೆಂಜೊದಾರೊದ ಬಣ್ಣಗಾರರಿಗೆ ಗೊತ್ತಿದ್ದ ಗುಟ್ಟು ಹತ್ತು ವರ್ಷದ ಹುಡುಗಿಗೂ ಗೊತ್ತಾಯಿತು.

ಮೂರು ತುಂಡುಗಳನ್ನೂ ಬಾಲ್ಕನಿಯ ತಂತಿಯ ಮೇಲೆ ಒಣಹಾಕಿದಳು. ನಂತರ ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು. ಉಗುರಿನ ಸಂದಿಗಳಲ್ಲಿ ಹಳದಿ ಕೂತಿತ್ತು. "ಅಜ್ಜಿ, ಇದು ಹೋಗಲ್ವಾ?" ಎಂದಳು.

"ಹೋಗುತ್ತೆ ಮಗಾ, ಇದು ದಾಳಿಂಬೆ ಸಿಪ್ಪೆಯದ್ದು" ಎಂದೆ. ಆಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಲವತ್ತು ವರ್ಷಗಳ ಹಿಂದೆ ನಾನು ನೋಡದೆ ಬಿಟ್ಟ ಎರಡು ಕೈಗಳ ಕತೆಯನ್ನೂ ಹೇಳಿದೆ.